ವಿಮಾನ ಬಿಟ್ಟ ತಾತ

ನಡುರಾತ್ರಿ ಪಕ್ಕದ ಕೋಣೆಯಲ್ಲಿ ‘ಟಕ್ ಟಕ್’ ಎಂದಿತು. ಅಚ್ಚುಕೂಟದಲ್ಲಿ ಕರಡು ತಿದ್ದುವ ಮೊಮ್ಮಗಳಿಗೆ ಒಂದು ಒತ್ತಕ್ಷರ ತಪ್ಪಿದರೂ ನಿದ್ದೆ ಬಾರದು. ಇನ್ನು ಸದ್ದಾದರೆ ಕೇಳಬೇಕೆ? ಬೆಳಗಾದರೆ ತಾತನ ನೆನಪಿನ ಸಭೆ. ‘ವಿಮಾನ ಚಾಲಕರಾಗಿದ್ದ ನಮ್ಮ ತಾತ’ ಎಂದು ಶುರುವಾಗುವ ತನ್ನ ಭಾಷಣವನ್ನು ತಿದ್ದುತ್ತಿದ್ದವಳು ಎದ್ದು ಬಾಗಿಲ ಸಂದಿಗೆ ಕಣ್ಣಿಟ್ಟಳು.

ಅಜ್ಜಿ ತಾತನ ಫೋಟೊದ ಗಾಜಿಗೆ ಬೆರಳಿನಿಂದ ಕುಟ್ಟುತ್ತಾ ಬೈಯುತ್ತಿದ್ದಳು.

“ನಗ್ತೀರಾ? ನಗಿ ನಗಿ. ನಾಳೆ ನಿಮ್ಮ ಬಂಡವಾಳ ಬಯಲಾದ್ರೆ ನಗೋರು ಬೇರೆಯವರು. ಊರಿನ ಗಂಡಸರೆಲ್ಲ ರೈಲು ಬಿಟ್ರೆ ನಮ್ಮನೆಯವರು ವಿಮಾನ ಬಿಡ್ತಾರೆ ಅಂತ ನಾನು ಬೈದಿದ್ದು. ಆ ಮಗು ನಿಜವಾಗ್ಲೂ ಬಿಡ್ತೀರಿ ಅಂದ್ಕೊಂಡ್ತು. ನೀವಾದ್ರೂ ಇಲ್ಲ ಅನ್ನಬಾರದಿತ್ತಾ? ಜನ್ಮವಿಡೀ ತಳ್ಳಿದ್ದು ವಿಮಾನ ಹತ್ತೋ ಗಾಲಿಮೆಟ್ಟಿಲು. ಒಂದ್ಸಲನಾದ್ರೂ ಒಳಗೆ ಕೂತಿದ್ರಾ?”

ಮೊಮ್ಮಗಳು ನಿಂತಲ್ಲೇ ತಣ್ಣಗಾದಳು. ಕಂಡವರ ತಪ್ಪನ್ನೆಲ್ಲ ಹೆಕ್ಕಿ ಹೊಟ್ಟೆ ಹೊರೆಯುವವಳು ಮನೆಯದೇ ಒಂದು ಮಾತನ್ನು ಇಷ್ಟು ವರ್ಷ ತಪ್ಪಾಗಿ ಓದಿದ್ದಳು!

ಆದರೆ ನಂಬದೆ ಇರುವುದಾದರೂ ಹೇಗೆ? ತಾತ ಸದ್ದಿನಿಂದಲೇ ಇದು ಇಂಥ ವಿಮಾನ ಎಂದು ಹೇಳುತ್ತಿದ್ದ. ಬಾಯಿಗಿಟ್ಟ ತುತ್ತು ನುಂಗದೆ ಹೊರಗೆ ಓಡುತ್ತಿದ್ದ. ಅದೇ ಸದ್ದಿಗೆ ಆಗಿನ್ನೂ ಪುಟ್ಟವಳಾಗಿದ್ದ ಇವಳು ಮಂಚದಡಿ ನುಗ್ಗಲು ಶುರುಮಾಡಿದ ಮೇಲೆ ಹಾಗೆ ಓಡುವುದನ್ನು ಬಿಟ್ಟ. ಡೊಳ್ಳುಹೊಟ್ಟೆ ಒಳಗೆಳೆದುಕೊಂಡು ತಾನೂ ಅಲ್ಲಿಗೇ ತೂರಿ, “ಹೆದರಬೇಡ ಪುಟ್ಟಿ, ಅವನು ನನ್ನ ಶಿಷ್ಯ. ಮೆಲ್ಲಗೆ ಹೋಗೋ ಅಂತ ಹೇಳಿದ್ದೀನಿ” ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಸದ್ದು ಮೆಲ್ಲಗಾಗಿಯೇ ಆಗುತ್ತಿತ್ತು. ಇನ್ನೇನು ಪುರಾವೆ ಬೇಕಿತ್ತು?

ಆದರೂ ತಿಳಿದೂ ತಿಳಿದೂ ತಪ್ಪು ಓದುವುದು ಅವಳಿಂದಾಗದು. ‘ಚಾಲಕ’ ಹೊಡೆದುಹಾಕಿ ‘ಮೆಟ್ಟಿಲು ತಳ್ಳುತ್ತಿದ್ದ’ ಎಂದು ಬರೆದಳು. ತಾತ ನಾಲ್ಕು ಜನರ ಮುಂದೆ ಹಗುರಾದರೆ?

ಸಭೆಯಲ್ಲಿ ಅವಳಿಗಿಂತ ಮೊದಲು ತಾತನ ಹಳೆಯ ಗೆಳೆಯ ಎದ್ದ. ನಿಂತ ವಿಮಾನದ ಗಾಲಿಗೆ ದಿಮ್ಮಿ ಒಡ್ಡುವುದು ಅವನ ಕೆಲಸವಾಗಿತ್ತು. ಅದಕ್ಕೇ ‘ಬ್ರೇಕು’ ಎಂಬ ಅಡ್ಡಹೆಸರು. ಅವನು ಮೊಮ್ಮಗಳತ್ತ ಒಮ್ಮೆ ನೋಡಿ ಶುರುಮಾಡಿದ.

“ನಮ್ಮ ಪೈಲಟ್ ಸಾಹೇಬರು... ಒಂದ್ಸಲ ಆಕಾಶದ ಮಧ್ಯೆ ಇಂಜಿನ್ ಕೆಟ್ಹೋಯ್ತು. ಸಾಹೇಬರು ಗಾಬರಿಯಾಗ್ಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಇಳಿದು ನೋಡಿದ್ರು.”

“ಎಲ್ಲಿ ಇಳಿದ್ರಂತೆ?” ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಮೋಡದ ಮೇಲೆ!” ಅಜ್ಜಿ ಗದರಿದಳು. “ಸುಮ್ನೆ ಕೇಳಿ.”

ಯಾರೂ ನಗಲಿಲ್ಲ. ಅಪ್ಪ ಸೂರಿನ ಕಡೆ ನೋಡುತ್ತಿದ್ದ. ಅತ್ತೆ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದಳು. ಎಲ್ಲರ ಓರೆಗಣ್ಣೂ ಮೊಮ್ಮಗಳ ಮೇಲೆಯೇ. ಇಷ್ಟು ದಿನ ಗೊತ್ತಿಲ್ಲದೆ ಇದ್ದವಳು ತಾನೊಬ್ಬಳೇ ಎಂಬುದು ಅವಳಿಗೆ ಆಗ ಹೊಳೆಯಿತು.

ಅವಳ ಸರದಿ ಬಂತು. ಹಾಳೆ ಮಡಚಿ ಕೈಚೀಲಕ್ಕೆ ಹಾಕಿದಳು.

“ಇವರು ಹೇಳಿದ್ರಲ್ಲಿ ತಿದ್ದೋಕೆ ಏನೂ ಇಲ್ಲ,” ಎಂದು ಕುಳಿತುಬಿಟ್ಟಳು.

ಹೊರಡುವಾಗ ಬ್ರೇಕು ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದ. “ಸರಿಯಾಗಿ ಹೇಳಿದ್ನಾ ತಾಯಿ?”

“ವಿಮಾನ ನಿಲ್ಲಿಸಿದ್ದು ಎಡಗಡೆಗೋ ಬಲಗಡೆಗೋ?”

“ಎಡಗಡೆಗೇ. ಸಾಹೇಬರು ನಿಯಮ ಮೀರೋರಲ್ಲ.”

ಅವನ ಮುಖದಲ್ಲಿ ಅಷ್ಟು ನಿರಾಳ. ಬಾಗಿಲ ಸಂದಿಯಲ್ಲಿ ಕೇಳಿದ್ದನ್ನು ಯಾರಿಗೂ, ಅಜ್ಜಿಗೂ ಸಹ, ಹೇಳಬಾರದೆಂದು ಅವಳು ಅಲ್ಲೇ ತೀರ್ಮಾನಿಸಿದಳು.