ಅರ್ಪೆನಿಕ್ ತನ್ನ ಮದುವೆಯ ಮಾತನ್ನು ತಾನೇ ಅನುವಾದಿಸಿದ ಮಧ್ಯಾಹ್ನ

೧
ಇದನ್ನು ಎಲ್ಲಿಂದ ಶುರು ಮಾಡುವುದು? ನಿಜ ಹೇಳಬೇಕೆಂದರೆ ಇದು ಮೊದಲಿಗೆ ಕಥೆಯೇ ಆಗಿರಲಿಲ್ಲ. 'ಅರ್ಮೇನಿಯನ್ ಮತ್ತು ಜಪಾನಿ ಭಾಷೆಗಳು: ಒಂದು ತೌಲನಿಕ ಅಧ್ಯಯನ' ಎಂಬ ಗಂಭೀರ ಲೇಖನವಾಗಿತ್ತು. ಯೆರೆವಾನಿನಲ್ಲೇ ತಲೆ ನೆರೆಸಿಕೊಂಡಿರುವ ನನಗೆ ಅರ್ಮೇನಿಯನ್ ಬರುತ್ತದೆ. ಜಪಾನಿ ಒಂದಕ್ಷರವೂ ಬರುವುದಿಲ್ಲ. ಮತ್ತೆ ಹೋಲಿಸುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಬೇಡಿ. (ತೌಲನಿಕ ಅಧ್ಯಯನ ಮಾಡಿದವರನ್ನೆಲ್ಲ ಹೀಗೆ ಕೇಳುತ್ತ ಹೋದರೆ ಗ್ರಂಥಾಲಯಗಳು ಖಾಲಿಯಾದಾವು.)

೨
"ಎರಡೂ ಒಂಟಿ ಭಾಷೆಗಳು. ಅರ್ಮೇನಿಯನ್ ದೊಡ್ಡ ಕುಟುಂಬದಲ್ಲಿ ಹುಟ್ಟಿಯೂ ಬೇರೆ ಮನೆ ಮಾಡಿಕೊಂಡಿದೆ. ಜಪಾನಿಗೆ ನೆಂಟರೇ ಕಡಿಮೆ." ಇಷ್ಟು ಬರೆದು ಅರ್ಪೆನಿಕ್‌ಗೆ ಓದಿ ಹೇಳಿದೆ. ಅವಳು ನಮ್ಮ ಕಟ್ಟಡದ ಮೂರನೇ ಮಹಡಿಯವಳು, ಕಲ್ಲಿನ ಮೇಸ್ತ್ರಿ ಹ್ರಾಚ್ಯಾನ ಒಬ್ಬಳೇ ಮಗಳು. ಜಪಾನಿನ ಕನಜಾವಾದಲ್ಲಿ ಓದಿ ಬಂದು ಇಲ್ಲಿ ಜಪಾನಿ ಪಾಠ ಹೇಳುತ್ತಾಳೆ.

"ಒಣಗಿದ ಲವಾಶ್ ರೊಟ್ಟಿ ಥರ ಇದೆ ಮಾಮ. ನೀರು ಚಿಮುಕಿಸದೆ ಯಾರೂ ತಿನ್ನಲ್ಲ."

"ಹಾಗಾದ್ರೆ ನೀನೇ ಚಿಮುಕಿಸಮ್ಮ."

"ನಮ್ಮೋರು ತರಕಾರಿ ಮಾರೋವಾಗ್ಲೂ 'ನಿನ್ನ ನೋವು ನಂಗಿರಲಿ' ಅಂತಾರೆ. ಅವರು ಉಡುಗೊರೆ ತಗೊಳ್ಳೋವಾಗ್ಲೂ 'ತೊಂದ್ರೆ ಕೊಟ್ಟೆ, ಕ್ಷಮಿಸಿ' ಅಂತಾರೆ. ಇದನ್ನ ಬರೀರಿ."

ಒಬ್ಬರು ನೋವು ಕೊಡು ಎನ್ನುತ್ತಾರೆ, ಇನ್ನೊಬ್ಬರು ಕೊಟ್ಟಿದ್ದಕ್ಕೆ ಕ್ಷಮೆ ಕೇಳುತ್ತಾರೆ. ಇವರಿಬ್ಬರನ್ನು ಒಂದೇ ಮೇಜಿಗೆ ಕೂರಿಸಿದರೆ ಊಟ ಶುರುವಾಗುವುದು ಹೇಗೆ? ನಾನು ಲೇಖನ ಹರಿದುಹಾಕಿ ಮೇಜು ಹಾಕಿದೆ.

೩
ಮೇಜು ಹ್ರಾಚ್ಯಾನ ಮನೆಯದು. ಕಾಲ ಜೂನ್ ತಿಂಗಳ ಮಧ್ಯಾಹ್ನ. ಮಾತು ಕಟ್ಟುವ ದಿನ ಅದು, ಅಂದರೆ ಗಂಡಿನ ಕಡೆಯವರು ಹೆಣ್ಣು ಕೇಳಲು ಬರುವ ದಿನ. ಕನಜಾವಾದಿಂದ, ಸೋಯಾ ಕಾಳು ಹುದುಗಿಸಿ ಮಿಸೊ ತಯಾರಿಸುವ ಕುಜುಮಿಯವರೂ ಅವರ ಮಗ ಶೋಗೋನೂ ಬಂದು ಕೂತಿದ್ದಾರೆ. ಪದ್ಧತಿಯ ಪ್ರಕಾರ ಈ ದಿನ ಹುಡುಗಿ ಬಾಯಿ ಬಿಡುವಂತಿಲ್ಲ. ಕಾಫಿ ತಂದಿಟ್ಟು ನೆಲ ನೋಡುತ್ತ ನಿಂತರೆ ಅವಳ ಕೆಲಸ ಮುಗಿಯಿತು.

ತೊಂದರೆಯೆಂದರೆ ಆ ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಶೋಗೋಗೆ ಬರುವ ಅರ್ಮೇನಿಯನ್ ಸಂತೆಯಲ್ಲಿ ಏಪ್ರಿಕಾಟ್ ಕೊಳ್ಳುವಷ್ಟು. ಹೀಗಾಗಿ ಬಾಯಿ ಬಿಡಬಾರದವಳೇ ಎಲ್ಲರ ಬಾಯಿಯೂ ಆದಳು.

(ಹ್ರಾಚ್ಯಾ ಇಲ್ಲಿ ನನ್ನನ್ನು ತಡೆದ. "ಏನಯ್ಯಾ ಇದು, ಯಾವ ಭಾಷೆ ತುರುಕಿದೀಯ ನನ್ನ ಬಾಯಿಗೆ?" "ಕನ್ನಡ." "ಜಪಾನಿನೋರಿಗೂ ಇದನ್ನೇ ಕೊಟ್ಟಿದೀಯಾ?" "ಹೌದು." "ಮತ್ತೆ ನಮ್ಮಿಬ್ಬರಿಗೂ ಅರ್ಥ ಆಗುತ್ತಲ್ಲೋ! ಮಗಳು ಯಾಕೆ ಒದ್ದಾಡ್ಬೇಕು?" ಹ್ರಾಚ್ಯಾ ಹುಟ್ಟಿದ್ದು ಕುಚೋದ್ಯಕ್ಕೆ ಹೆಸರಾದ ಗ್ಯುಮ್ರಿಯಲ್ಲಿ, ಆ ಊರಿನವರ ಬಾಯಿಗೆ ಯಾರೂ ಸಿಗಬಾರದು. ಅರ್ಥವಾಗದವನಂತೆ ನಟಿಸು ಎಂದು ಕೈಮುಗಿದು ಮುಂದುವರಿದೆ.)

೪
ಹ್ರಾಚ್ಯಾ ಹೇಳಿದ: "ನನ್ನ ಮಗಳು ಈ ಊರು ಬಿಟ್ಟು ಕದಲಲ್ಲ. ಅಳಿಯನೇ ಇಲ್ಲಿಗೆ ಬರಲಿ. ಹೇಳು ಅವರಿಗೆ."

ಅರ್ಪೆನಿಕ್ ಕುಜುಮಿಯವರ ಕಡೆ ತಿರುಗಿ, ಈ ವರ್ಷ ಏಪ್ರಿಕಾಟ್ ಬಹಳ ಚೆನ್ನಾಗಿ ಬಂದಿದೆಯಂತೆ, ತಾವು ತಗೊಳ್ಳಬೇಕಂತೆ ಎಂದಳು.

ಕುಜುಮಿಯವರು ನಗುತ್ತ ಒಂದು ಏಪ್ರಿಕಾಟ್ ಬಾಯಿಗೆ ಹಾಕಿಕೊಂಡು, ತಲೆಬಾಗಿ, ಅಂಗಡಿಯ ಮೇಲಿನ ಕೋಣೆಗೆ ಹೊಸ ಚಾಪೆ ಹಾಕಿಸಿದ್ದೇನೆ, ಹೊಸ ವರ್ಷದೊಳಗೆ ಸೊಸೆ ಬಂದರೆ ಮನೆಗೆ ಬೆಳಕು ಎಂದರು.

ಅರ್ಪೆನಿಕ್ ಅಪ್ಪನಿಗೆ, "ನಿಮ್ಮ ಮನೇಲಿ ಒಳ್ಳೆ ಬೆಳಕಿದೆ ಅಂತಿದಾರೆ" ಎಂದಳು.

"ಅವರು ಅಷ್ಟುದ್ದ ಹೇಳಿದ್ರು, ನೀನು ಇಷ್ಟೇ ಹೇಳ್ತೀಯಲ್ಲೇ?" ಎಂದು ತಾಯಿ ಸಿರಾನುಶ್ ಹುಬ್ಬೇರಿಸಿದಳು.

"ಜಪಾನಿ ಹಾಗೇನೇ ಅಮ್ಮ. ಮರ್ಯಾದೆ ಜಾಸ್ತಿ, ವಿಷ್ಯ ಕಡಿಮೆ."

ಶೋಗೋಗೆ ಅನುಮಾನ ಬಂದಿತ್ತು. ಅವನು ತಟ್ಟೆ ನೋಡುತ್ತ ಕೂತ. ಅರ್ಪೆನಿಕ್ ಎಲ್ಲರಿಗೂ ಇನ್ನೊಮ್ಮೆ ಕಾಫಿ ಬಗ್ಗಿಸಿದಳು. ಅವಳಿಗೆ ಅವನೂ ಬೇಕು, ಅಪ್ಪನೂ ಬೇಕು. ಒಂದು ಸರಿಯಾದ ಅನುವಾದ ಮಾಡಿದರೆ ಇಬ್ಬರಲ್ಲೊಬ್ಬರು ಎದ್ದುಹೋಗುತ್ತಾರೆ ಎಂಬ ಭಯ ಅವಳನ್ನು ಹಿಂಡುತ್ತಿತ್ತು. ಭಾಷೆ ಸೇತುವೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಒಮ್ಮೆ ಆ ಕುರ್ಚಿಯಲ್ಲಿ ಕೂರಿಸಬೇಕು.

೫
ಕುಡಿತದ ವಿಷಯದಲ್ಲಿ ಮಾತ್ರ ತಕರಾರಿರಲಿಲ್ಲ. ಹ್ರಾಚ್ಯಾ ಒಬ್ಬೊಬ್ಬರ ಹೆಸರು ಹೇಳಿ ಹಾರೈಸಿದ ಕೂಡಲೇ ಎಲ್ಲರ ಗ್ಲಾಸಿಗೂ ಗ್ಲಾಸು ತಾಗಿಸಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಎಂದು ಅರ್ಪೆನಿಕ್ ಮೊದಲೇ ಕುಜುಮಿಯವರಿಗೆ ಪಾಠ ಮಾಡಿದ್ದಳು. ಅವರು ಒಳ್ಳೆಯ ವಿದ್ಯಾರ್ಥಿ. ಗೌರವಕ್ಕೆಂದು ಅವರು ಗ್ಲಾಸು ತಗ್ಗಿಸಿದರೆ, ಅದೇ ಗೌರವ ಗೊತ್ತಿದ್ದ ಹ್ರಾಚ್ಯಾ ಇನ್ನೂ ತಗ್ಗಿಸಿದ. ಅವರು ಮತ್ತಷ್ಟು ತಗ್ಗಿಸಿದರು. ಕೊನೆಗೆ ಎರಡು ಗ್ಲಾಸುಗಳೂ ಟೊಮೇಟೊ ತಟ್ಟೆಯೊಳಗೆ ಭೇಟಿಯಾದವು. ತೌಲನಿಕ ಅಧ್ಯಯನ ಅಂದರೆ ಇದೇ ಎಂದು ನಾನು ಖುಷಿಪಟ್ಟೆ.

ಆಮೇಲೆ ಹ್ರಾಚ್ಯಾ ಎದ್ದು ನಿಂತ. ಎಲ್ಲರೂ ಎದ್ದರು.

"ಇಲ್ಲಿಲ್ಲದೋರಿಗೆ," ಎಂದ. ಅವನ ದನಿ ಇಳಿದಿತ್ತು. "ಗ್ಯುಮ್ರಿಯ ಭೂಕಂಪದಲ್ಲಿ ಹೋದ ನಮ್ಮವ್ವನಿಗೆ. ಕಲ್ಲು ಕಟ್ಟೋ ಕೈ ಇವು, ಅವತ್ತು ಕಲ್ಲು ಎತ್ತಿ ಎತ್ತಿ ಹುಡುಕಿದ್ವು. ಬೀಗರ ಮನೆಯಲ್ಲಿ ಹೋದೋರಿಗೆ. ಇವರ ಹೆಂಡತಿಗೆ."

ಆಗ ಅರ್ಪೆನಿಕ್‌ಗೆ ನೆನಪಾಯಿತು. ಪಾಠದಲ್ಲಿ ಒಂದನ್ನು ಬಿಟ್ಟಿದ್ದಳು. ಸತ್ತವರ ಹೆಸರಿನಲ್ಲಿ ಕುಡಿಯುವಾಗ ಇಲ್ಲಿ ಯಾರೂ ಗ್ಲಾಸು ತಾಗಿಸುವುದಿಲ್ಲ. ತಾಗಿಸಿದರೆ ಮನೆಗೆ ಇನ್ನೊಂದು ಸಾವನ್ನು ಕರೆದಂತೆ. ಅಜ್ಜಿಯ ನೆನಪಿನಲ್ಲಿ ಅವಳು ಅಪ್ಪನ ಮಾತನ್ನು ಅನುವಾದಿಸಿಯೂ ಇರಲಿಲ್ಲ. ಒಳ್ಳೆಯ ವಿದ್ಯಾರ್ಥಿಯ ಕೈ ಗ್ಲಾಸಿನೊಂದಿಗೆ ಆಗಲೇ ಮುಂದೆ ಬರುತ್ತಿತ್ತು.

೬
ಇಲ್ಲಿ ನಾನು ಕಥೆಯನ್ನು ನಿಲ್ಲಿಸಿ ಕಾಫಿ ಮಾಡಿಕೊಂಡು ಬಂದೆ.

ಡ್ರಾಫ್ಟ್ ಒಂದು: ಗ್ಲಾಸು ತಾಗಿತು, ಹ್ರಾಚ್ಯಾ ಬಾಗಿಲು ತೋರಿಸಿದ. ಅರ್ಪೆನಿಕ್ ಓದಿ ರೇಗಿದಳು. "ನಮ್ಮಪ್ಪ ಅಷ್ಟು ಸಣ್ಣ ಮನುಷ್ಯ ಅಲ್ಲ ಮಾಮ. ನಿಮ್ಗೆ ನಾಟಕ ಬೇಕು ಅಂತ ಅವರನ್ನ ಸಣ್ಣೋರು ಮಾಡ್ಬೇಡಿ." ಹರಿದೆ.

ಡ್ರಾಫ್ಟ್ ಎರಡು: ಕುಜುಮಿಯವರು ಗುಟ್ಟಾಗಿ ಅರ್ಮೇನಿಯನ್ ಕಲಿತಿದ್ದರು, ಅವಳ ಸುಳ್ಳೆಲ್ಲ ಅವರಿಗೆ ತಿಳಿದಿತ್ತು. (ನೀವು ಆಗಲೇ ಊಹಿಸಿದ್ದಿರಿ ಅಲ್ಲವೇ? ಅದಕ್ಕೇ ಹರಿದೆ.)

೭
ಆದದ್ದು ಇಷ್ಟು. ಮುಂದೆ ಬಂದ ಕೈ ನಡುವೆ ನಿಂತಿತು. ಕುಜುಮಿಯವರು ಹ್ರಾಚ್ಯಾನ ಮುಖ ನೋಡಿದರು. ಗ್ಲಾಸನ್ನು ಹಿಂದೆ ತೆಗೆದುಕೊಂಡು, ಹಣೆಯ ಮಟ್ಟಕ್ಕೆ ಎತ್ತಿ, ಒಂದು ಕ್ಷಣ ಕಣ್ಣು ಮುಚ್ಚಿ, ಯಾರಿಗೂ ತಾಗಿಸದೆ ಕುಡಿದರು.

"ಇದನ್ನ ನೀನು ಹೇಳಿಕೊಟ್ಯಾ?" ಎಂದು ಹ್ರಾಚ್ಯಾ ಮೆಲ್ಲಗೆ ಕೇಳಿದ.

"ಇಲ್ಲಪ್ಪ. ಅವರಲ್ಲೂ ಹೀಗೇ. ತೀರಿಕೊಂಡೋರಿಗೆ ಕುಡಿಯೋವಾಗ ತಾಗ್ಸಲ್ಲ." ಅಷ್ಟು ವರ್ಷ ಎರಡೂ ಭಾಷೆ ಅರೆದು ಕುಡಿದವಳಿಗೆ ಇದು ಹೊಳೆದದ್ದು ಆಗಲೇ. ಅವಳಿಗೆ ಅಳು ಬಂತು, ಅತ್ತಳು.

ಹ್ರಾಚ್ಯಾ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

"ಮಗಳೇ, ಈಗ ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು. ಏಪ್ರಿಕಾಟ್ ವಿಷ್ಯ ಸಾಕು."

ಅವಳು ಕೆಂಪಾದಳು. "ನಿಂಗೆ ಗೊತ್ತಾಯ್ತಾ?"

"ಮಗಳು ಕದಲಲ್ಲ ಅಂತ ನಾನಂದ್ರೆ ಯಾವ ಗಂಡಿನಪ್ಪ ಏಪ್ರಿಕಾಟ್ ಬಾಯಿಗೆ ಹಾಕ್ಕೊಂಡು ನಗ್ತಾನೆ? ಕೇಳು ಬೀಗರನ್ನ. ನನಗೆ ಇರೋದು ಇವಳೊಬ್ಬಳು. ಕರ್ಕೊಂಡು ಹೋದ್ರೆ ಈ ಮನೇಲಿ ನಾನು ಹೇಗಿರ್ಲಿ? ಕಳೆದುಕೊಳ್ಳೋದು ಅಂದ್ರೇನು ಅಂತ ಅವರಿಗೂ ಗೊತ್ತು, ಅವರೇ ಹೇಳ್ಲಿ. ಅವರು ಹೇಳಿದ ಹಾಗೆ ಆಗ್ಲಿ."

ಅರ್ಪೆನಿಕ್ ಒಂದು ಪದವನ್ನೂ ಬಿಡದೆ, ಒಂದನ್ನೂ ಸೇರಿಸದೆ ಹೇಳಿದಳು. ಆ ಮಧ್ಯಾಹ್ನ ಮೊದಲ ಬಾರಿಗೆ.

ಕುಜುಮಿಯವರು ಗ್ಲಾಸು ಕೆಳಗಿಟ್ಟರು. ಆಮೇಲೆ ಅವರು ಹ್ರಾಚ್ಯಾನನ್ನಲ್ಲ, ಅರ್ಪೆನಿಕ್‌ಳನ್ನೇ ನೋಡುತ್ತ ನಿಧಾನವಾಗಿ ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಶೋಗೋ ತಟ್ಟೆಯಿಂದ ತಲೆಯೆತ್ತಿದ.

೮
ಅವರು ಏನು ಹೇಳಿದರು?

ಓದುಗರೇ, ಮೊದಲೇ ಹೇಳಿದ್ದೇನೆ, ನನಗೆ ಜಪಾನಿ ಬರುವುದಿಲ್ಲ. ಈ ಕಥೆಯಲ್ಲಿ ಕುಜುಮಿಯವರು ಆಡಿದ್ದೆಲ್ಲವೂ, ಹೊಸ ಚಾಪೆಯೂ ಸೇರಿದಂತೆ, ಅರ್ಪೆನಿಕ್ ನನಗೆ ಹೇಳಿದ್ದು. ಹೆತ್ತ ಅಪ್ಪನ ಮಾತನ್ನೇ ಏಪ್ರಿಕಾಟ್ ಮಾಡಿ ಬೀಗರಿಗೆ ತಿನ್ನಿಸಿದವಳು ನನಗೇನು ತಿನ್ನಿಸಿದ್ದಾಳೋ. ಹೀಗೆ ಮುಗಿಸಲೇ, ಹಾಗೆ ಮುಗಿಸಲೇ ಎಂದು ಎರಡು ಮುಕ್ತಾಯ ಬರೆದುಕೊಂಡು ಹೋಗಿ ಕೇಳಿದೆ. ಒಂದರಲ್ಲಿ ಅವಳು ಕನಜಾವಾಕ್ಕೆ ಹೋಗುತ್ತಾಳೆ, ಇನ್ನೊಂದರಲ್ಲಿ ಶೋಗೋ ಯೆರೆವಾನಿನಲ್ಲಿ ಮಿಸೊ ಹಾಕುತ್ತಾನೆ. ಅವಳು ಎರಡನ್ನೂ ಓದದೆ ಮಡಚಿ ಕಾಫಿ ಕಪ್ಪಿನ ಅಡಿ ಇಟ್ಟಳು.

ಮೇಜಿನಲ್ಲಿ ಹ್ರಾಚ್ಯಾ ಇನ್ನೂ ಕಾಯುತ್ತಿದ್ದಾನೆ. "ಏನಂದ್ರು ಮಗಳೇ?"

"ಏನಂದ್ರಮ್ಮ?" ಎಂದು ನಾನೂ ಕೇಳಿದೆ.

"ಸ್ವಲ್ಪ ಸುಮ್ನಿರಿ ಇಬ್ರೂ," ಎಂದು ಅವಳು ಕಣ್ಣೊರೆಸಿಕೊಂಡಳು. "ಇಷ್ಟು ಹೊತ್ತೂ ಎಲ್ಲರ ಮಾತೂ ಹೊತ್ತಿದೀನಿ. ಇದೊಂದು ನಂಗೇ ಹೇಳಿದ್ದು. ನಾನು ಮೊದ್ಲು ಕೇಳಿಸ್ಕೊಳ್ತೀನಿ."