ಕರಡಿಗೆ ಅಪ್ಪನ ದನಿ

ಇದು ನಡೆದದ್ದೇ. ಉಪ್ಪುಖಾರ ಹಚ್ಚುವ ಚಟ ನನಗಿದೆ, ನಿಜ; ಆದರೆ ಇದಕ್ಕೆ ಅದು ಬೇಕಾಗಲಿಲ್ಲ.

ನನ್ನ ಅಕ್ಕನ ಗಂಡ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುವವರು. ಮಗಳು ಗುಬ್ಬಿಗೆ ಓದು ಕಲಿಸಿದವರೂ ಅವರೇ. ಹಾಗಾಗಿ ಅವಳು ಕಥೆ ಓದಿದರೆ ನರಿ ಬಂದರೂ ಹುಲಿ ಬಂದರೂ ಒಂದೇ ರಾಗ. ಎಲ್ಲವೂ ಪ್ಲಾಟ್‌ಫಾರಂಗೇ ಬರುತ್ತಿದ್ದವು.

ಶಾಲೆಯಲ್ಲಿ ಶನಿವಾರ ದೊಡ್ಡ ಮಕ್ಕಳು ಚಿಕ್ಕವರಿಗೆ ಕಥೆ ಓದಬೇಕು. ಎತ್ತರದ ಸ್ಟೂಲ್ ಮೇಲೆ ಕೂತು ಓದುವುದೆಂದರೆ ಗುಬ್ಬಿಗೆ ಪ್ರಾಣ. ಹೋದ ಸಲ ಅವಳು ಓದುವಾಗ ಮುಂದಿನ ಸಾಲು ಪೂರ್ತಿ ನಿದ್ದೆ ಹೋಗಿತ್ತು. “ಇನ್ನೊಂದ್ಸಲ ನೋಡೋಣ, ಆಗ್ಲಿಲ್ಲ ಅಂದ್ರೆ ಬೇರೆಯವರು ಓದ್ಲಿ” ಅಂದಿದ್ದರು ಟೀಚರ್.

“ಮಾವ, ಭಾವ ತುಂಬಿ ಓದು ಅಂತಾರೆ. ಎಲ್ಲಿಂದ ತರ್ಲಿ?” ಎಂದು ಮುಖ ಊದಿಸಿದಳು.

“ನಮ್ಮ ಭಾವ ಮನೇಲೇ ಇದಾರಲ್ಲ!”

ಅವಳು ನಗಲಿಲ್ಲ. ಪುಸ್ತಕ ತೆರೆದೆ. ಒಂದು ಕರಡಿ ಜೇನಿನ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡೇ ಕಾಡೆಲ್ಲ ಅದನ್ನೇ ಹುಡುಕುತ್ತಿತ್ತು.

“ನಮ್ಮನೇಲಿ ಬೆಳಿಗ್ಗೆ ಹೀಗೆ ಹುಡುಕೋದು ಯಾರು?”

ಗುಬ್ಬಿಯ ಕಣ್ಣು ಅರಳಿತು. “ಅಪ್ಪ! ಕನ್ನಡಕ!”

“ಹಾಗಾದ್ರೆ ಕರಡಿ ಅಪ್ಪನ ಥರಾನೇ ರೇಗ್ಲಿ. ಮುಂದೆ ಒಂದು ಅಳಿಲು ಬರುತ್ತಲ್ಲ, ಅದು ಬಂದ ತಕ್ಷಣ ಮೆತ್ತಗಾಗ್ಲಿ. ಅಳಿಲು ಅಂದ್ರೆ ಅಮ್ಮ.”

“ಅಪ್ಪ ಬೈದ್ರೆ?”

“ಬೈಸ್ಕೊಳ್ಳೋಕೆ ನಾನಿಲ್ವಾ?”

ಶನಿವಾರ ಭಾವ ರೈಲ್ವೆ ಸಮವಸ್ತ್ರದಲ್ಲೇ ಶಾಲೆಗೆ ಬಂದು ಮುಂದಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತರು. ಅವರನ್ನು ಕಂಡದ್ದೇ ಗುಬ್ಬಿ ಮತ್ತೆ ರೈಲು ಹತ್ತಿದಳು. ಮೊದಲ ಪುಟವೆಲ್ಲ ಪ್ರಕಟಣೆ. ಮಕ್ಕಳು ಆಕಳಿಸಿದರು, ಟೀಚರ್ ಗಡಿಯಾರ ನೋಡಿದರು. ತಡೆಯಲಾರದೆ ನಾನು ಹಿಂದಿನಿಂದ ಗಂಟಲು ಸರಿಮಾಡಿದೆ, ಥೇಟ್ ಕನ್ನಡಕ ಸಿಗದೆ ರೇಗುವ ಭಾವನ ಹಾಗೆ.

ಗುಬ್ಬಿ ತಲೆಯೆತ್ತಿದಳು. ಪುಟ ತಿರುವಿದಳು.

“ಎಲ್ಲಿ ನನ್ನ ಗಡಿಗೆ? ಇಲ್ಲೇ ಇಟ್ಟಿದ್ದೆ! ಇಟ್ಟಿದ್ದು ಇಟ್ಟಲ್ಲಿ ಇರೋದೇ ಇಲ್ಲ ಈ ಕಾಡಲ್ಲಿ!” ಅಳಿಲು ಬಂತು, ದನಿ ಬೆಣ್ಣೆಯಾಯಿತು. “ಅಲ್ಲಾ ಕಣೇ... ನೀನೇನಾದ್ರೂ ನೋಡಿದ್ಯಾ?”

ಮಕ್ಕಳು ಬಿದ್ದು ಬಿದ್ದು ನಕ್ಕರು. ಭಾವನೂ ನಕ್ಕು ಅಕ್ಕನ ಕಡೆ ವಾಲಿದರು. “ಈ ಕರಡೀನ ಎಲ್ಲೋ ಕೇಳಿದ ಹಾಗಿದೆ ಕಣೇ. ತಾಳು, ಮಗಳ ಮುಖ ಸರಿಯಾಗಿ ಕಾಣ್ತಿಲ್ಲ. ನನ್ನ ಕನ್ನಡಕ ಎಲ್ಲಿ?”

ಅಕ್ಕ ಬಾಯಿ ತೆರೆಯುವ ಮೊದಲೇ ಸ್ಟೂಲಿನ ಮೇಲಿಂದ ಅಳಿಲು ಹೇಳಿತು: “ತಲೆ ಮೇಲೇ ಇದೆಯಲ್ರೀ!”

ಭಾವನ ಕೈ ತಲೆಗೆ ಹೋಯಿತು. ಅಲ್ಲೇ ಇತ್ತು. ಗುಬ್ಬಿ ಪುಸ್ತಕದ ಅಂಚಿನಿಂದ ಹೆದರುತ್ತ ಇಣುಕಿದಳು. ಆಗ ಹೊರಟಿತು ನೋಡಿ ಭಾವನ ನಗು, ಯಾವ ಮುನ್ಸೂಚನೆಯೂ ಇಲ್ಲದೆ! ಮುಂದಿನ ಶನಿವಾರವೂ ಸ್ಟೂಲು ಗುಬ್ಬಿಯದೇ ಎಂದು ಟೀಚರ್ ಪ್ರಕಟಿಸಿದರಂತೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.