ಖಾಲಿ ಬಿಟ್ಟ ಸಾಲು

ಚೆರ್ರಿ ಹಣ್ಣು ಕೆಂಪಗಾಗುವ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿಗಳು ಬರೆದ ಪ್ರಬಂಧಗಳಲ್ಲಿ ಒಂದನ್ನು ಆರಿಸಿ ಬಹುಮಾನ ಕೊಡುತ್ತಾರೆ. ಗೆದ್ದ ಪ್ರಬಂಧ ಆ ವರ್ಷದ ಪುಸ್ತಕದಲ್ಲಿ ಅಚ್ಚಾಗುತ್ತದೆ. ಯಾವ ವಿಭಾಗದವರು ಬೇಕಾದರೂ ಬರೆಯಬಹುದು. ಹಾಗಾಗಿ ಆರಿಸಲು ಕೂರುವವರೂ ಬೇರೆ ಬೇರೆ ದಿಕ್ಕಿನವರು. ಆ ಸಲ ಪಶುವೈದ್ಯ ಕಲಿಸುವ ನಾನು, ಇತಿಹಾಸದ ಕೊರ್ನೇಲಿಯಾ, ಗಣಿತದ ಓಪ್ರಿಶಾನ್ ಮೇಷ್ಟ್ರು ಇದ್ದೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಬೆಳಗ್ಗೆಯೆಲ್ಲ ಜಗ್ಗಾಡಿ, ಕಡೆಗೆ ಒಂದು ಪ್ರಬಂಧದ ಮುಂದೆ ಬಂದು ನಿಂತೆವು.

ಅದನ್ನು ಬರೆದವಳು ಮರಮುರೇಶ್ ಬೆಟ್ಟದ ಕಡೆಯ ಹುಡುಗಿ ಯುಸ್ತಿನಾ ಕಿಂದ್ರಿಶ್. ಸಂಖ್ಯಾಶಾಸ್ತ್ರದ ಕೊನೆಯ ವರ್ಷ. ಬರೆದದ್ದು ತನ್ನೂರಿನ ಹಾಲಳೆಯುವ ದಿನದ ಬಗ್ಗೆ. ಮೇ ತಿಂಗಳಲ್ಲಿ ಕುರಿಗಳು ಬೆಟ್ಟಕ್ಕೇರುವ ಮುನ್ನ ಒಂದು ಬೆಳಗ್ಗೆ ಪ್ರತಿ ಮನೆಯ ಕುರಿಗಳನ್ನೂ ಹಿಂಡಿ ಹಾಲು ಅಳೆಯುತ್ತಾರೆ. ಬೆಟ್ಟದಲ್ಲಿ ಎಲ್ಲರ ಹಾಲನ್ನೂ ಒಟ್ಟು ಸೇರಿಸಿ ಚೀಸ್ ಮಾಡುವುದರಿಂದ, ಆವತ್ತು ಪಾತ್ರೆಗೆ ಬಿದ್ದ ಹಾಲಿನ ಮೇಲೆ ಬೇಸಿಗೆಯಿಡೀ ಆ ಮನೆಗೆ ಎಷ್ಟು ಚೀಸ್ ಎಂದು ತೀರ್ಮಾನ. ಒಂದು ದಿನದ ಹಾಲು ಇಡೀ ಬೇಸಿಗೆಗೆ ಸಾಕ್ಷಿ ಹೇಳಬಲ್ಲದೆ ಎಂಬುದು ಅವಳ ಪ್ರಶ್ನೆ. ಹಿಂದಿನ ವರ್ಷ ಬೇಸಿಗೆಯುದ್ದಕ್ಕೂ ಬೆಟ್ಟದ ಹಟ್ಟಿಯಲ್ಲಿದ್ದು ಮನೆಮನೆಯ ಕುರಿಗಳ ಹಾಲು ಅಳೆದು ಪಟ್ಟಿ ಮಾಡಿದ್ದಳು. ಬಲ್ಲದು ಎಂದು ಅವಳ ಲೆಕ್ಕ ಹೇಳುತ್ತಿತ್ತು.

ಪ್ರಬಂಧದ ಮೊದಲರ್ಧ ಕುರಿ, ಹಟ್ಟಿ, ಜನ. ಉಳಿದರ್ಧ ಲೆಕ್ಕ. ಓಪ್ರಿಶಾನ್ ಮೇಷ್ಟ್ರೇ ಅವಳಿಗೆ ಮಾರ್ಗದರ್ಶಕರು. ಮೊದಲರ್ಧ ಕತ್ತರಿಸು ಎಂದು ಮೊದಲೇ ಹೇಳಿದ್ದರಂತೆ. ಅವಳು ಕತ್ತರಿಸಿರಲಿಲ್ಲ. ಸಾಲದ್ದಕ್ಕೆ, ಅಚ್ಚಾದರೆ ಪೂರ್ತಿ ಆಗಲಿ, ಇಲ್ಲದಿದ್ದರೆ ಬೇಡ ಎಂದು ಮೇಲೆಯೇ ಬರೆದಿದ್ದಳು. ಮುಂದಿನ ವರ್ಷ ಬರೆಯಲಿ ಎಂದರೆ ಓದು ಮುಗಿಯುತ್ತಿದ್ದ ಅವಳಿಗೆ ಮುಂದಿನ ವರ್ಷವಿಲ್ಲ. ಮೂವರೂ ಒಪ್ಪದೆ ಬಹುಮಾನವೂ ಇಲ್ಲ.

"ಲೆಕ್ಕ ಚೊಕ್ಕಟವಾಗಿದೆ. ಅದಕ್ಕೆ ನನ್ನ ಒಪ್ಪಿಗೆ ಇದೆ," ಎಂದರು ಮೇಷ್ಟ್ರು. "ಕುರಿ ಕಥೆ ಬೇಡ. ಅಲ್ದೆ ಪಟ್ಟೀಲಿ ಒಂದು ಸಾಲು ಖಾಲಿ. ತನ್ನ ಮನೇದೇ ಅಳತೆ ಬರೆಯೋಕೆ ಮರ್ತಿದಾಳೆ."

ಆ ಸಾಲಿನ ಸುತ್ತ ಪೆನ್ಸಿಲಿನಲ್ಲಿ ದಪ್ಪಗೆ ಸುತ್ತು ಹಾಕಿದ್ದರು.

"ಮೊದಲರ್ಧ ಓದಿದ್ರಾ ಮೇಷ್ಟ್ರೇ?" ಎಂದೆ.

"ನೋಡ್ದೆ."

"ಕುರಿ ಮೇಯ್ದ ಹಾಗೆ," ಎಂದಳು ಕೊರ್ನೇಲಿಯಾ, ತಾನು ತಂದಿದ್ದ ಎಲೆಕೋಸಿನ ರೊಟ್ಟಿಯನ್ನು ಮುರಿಯುತ್ತ. "ಅಲ್ಲೊಂದು ಬಾಯಿ, ಇಲ್ಲೊಂದು ಬಾಯಿ."

"ನಿಮ್ಮ ಇತಿಹಾಸದೋರು ಬೇರು ಸಮೇತ ಮೇಯ್ತೀರಿ ಬಿಡಮ್ಮ."

"ವೆತೂರಿಯಕ್ಕ, ನೀವು ಜೋರಾಗಿ ಓದಿ," ಎಂದು ಅವಳು ನನ್ನತ್ತ ತಿರುಗಿದಳು. " ಮೇಷ್ಟ್ರು ರೊಟ್ಟಿ ತಿಂತಾ ಕೇಳ್ಲಿ."

ನಾನು ಕನ್ನಡಕ ಹಾಕಿಕೊಂಡು ಓದಿದೆ. ಹಟ್ಟಿಯ ಬೇಲಿ, ಪಾತ್ರೆಯಲ್ಲಿ ಹಾಲಿನ ನೊರೆ ಇಳಿಯುವವರೆಗೆ ಯಾರೂ ಮಟ್ಟ ಅಳೆಯುವ ಕೋಲು ಮುಟ್ಟದಿರುವುದು, ಎಲ್ಲ ಒಂದೊಂದಾಗಿ ಬಂತು. ಆಮೇಲೆ ಈ ಪುಟ:

'ಅಳೆಯುವ ಹಿಂದಿನ ಸಂಜೆ ಎಲ್ಲ ಕೆಚ್ಚಲನ್ನೂ ಬರಿದು ಮಾಡುತ್ತಾರೆ. ನಮ್ಮ ಕುರಿಯನ್ನು ನಾವು ಹಿಂಡುವಂತಿಲ್ಲ. ನೆರೆಯವರದ್ದನ್ನು ನಾವು, ನಮ್ಮದನ್ನು ನೆರೆಯವರು. ಸಂಜೆ ಉಳಿಸಿದ ಹಾಲು ಬೆಳಗ್ಗೆ ಪಾತ್ರೆಯಲ್ಲಿ ಸುಳ್ಳು ಹೇಳುತ್ತದೆ. ಒಂದು ದಿನದ ಅಳತೆ ಬೇಸಿಗೆಯುದ್ದಕ್ಕೂ ನಿಜವಾಗಿ ನಿಲ್ಲುವುದು ಕುರಿಯಿಂದಲ್ಲ, ಈ ಕೈ ಬದಲಾವಣೆಯಿಂದ.

'ಹೋದ ವರ್ಷ ನಮ್ಮ ಕುರಿಗಳನ್ನು ಹಿಂಡಬೇಕಿದ್ದ ನೆರೆಮನೆಯ ಪರಾಸ್ಕಿವಾ ಚಿಕ್ಕಮ್ಮನ ಮಣಿಕಟ್ಟು ಉಳುಕಿತ್ತು. "ನೀನೇ ಹಿಂಡ್ಬಿಡು ಮಗಳೇ, ಓದಿದೋಳನ್ನ ಯಾರು ಅನುಮಾನಿಸ್ತಾರೆ," ಎಂದಳು. ಹಿಂಡಿದೆ. ಕೊನೆಯ ಕುರಿಯ ಹತ್ತಿರ ನನ್ನ ಬೆರಳುಗಳು ನಿಂತವು. ಹಾಲು ಮುಗಿದು ನಿಂತವೋ, ಈ ಚೀಸನ್ನೇ ನಂಬಿ ಚಳಿಗಾಲ ಕಳೆಯುವ ನನ್ನಜ್ಜಿ ನೆನಪಾಗಿ ನಿಂತವೋ, ನನಗೆ ಗೊತ್ತಿಲ್ಲ. ಕುರಿಗೆ ಗೊತ್ತು, ಅದು ಹೇಳುವುದಿಲ್ಲ. ಬೆಳಗ್ಗೆ ನಮ್ಮ ಹಾಲು ಅಳೆದು ಊರು ಒಪ್ಪಿತು. ನಾನು ಒಪ್ಪಲಾರೆ. ಆದ್ದರಿಂದ ಪಟ್ಟಿಯಲ್ಲಿ ನಮ್ಮ ಮನೆಯ ಸಾಲು ಖಾಲಿ ಇದೆ. ಕೆಚ್ಚಲು ಬರಿದಾಗಿತ್ತೋ ಏನೋ, ಹಿಂಡಿದ ಕೈಯಂತೂ ಬರಿದಾಗಿರಲಿಲ್ಲ.'

ಮುಂದೆ ಓದಲು ನನಗಾಗಲಿಲ್ಲ. ನಾನು ಹುಟ್ಟಿದ್ದೇ ಕುರಿಗಳ ನಡುವೆ. ಈ ಕೈ ಎಷ್ಟು ಕೆಚ್ಚಲು ಮುಟ್ಟಿದೆಯೋ ಲೆಕ್ಕವಿಲ್ಲ. ಇದನ್ನು ಬಲ್ಲೆ ಎಂದುಕೊಂಡಿದ್ದೆ. ಇಪ್ಪತ್ತು ದಾಟಿ ಒಂದೆರಡು ವರ್ಷವಾಗಿರಬಹುದಾದ ಹುಡುಗಿ ಅದೇ ಕೆಚ್ಚಲಿನ ಕೆಳಗೆ ಕೂತು ಎಂಥ ಆಳ ಮುಟ್ಟಿ ಬಂದಿದ್ದಾಳೆ ಎಂದು ಮೈ ಜುಮ್ಮೆಂದಿತು. ಇಗರ್ಜಿಯಲ್ಲಿ ಬಲಿಪೀಠದ ಮುಂದಿನ ಪರದೆ ಸರಿದಾಗ ಆಗುವಂಥದ್ದು. ಕೊರ್ನೇಲಿಯಾ ಮುರಿದ ರೊಟ್ಟಿ ಅವಳ ಕೈಯಲ್ಲೇ ಇತ್ತು.

ಮೇಷ್ಟ್ರು ಕೈ ಚಾಚಿದರು. ಹಾಳೆಗಳನ್ನು ಕೊಟ್ಟೆ. ಮೊದಲ ಪುಟದಿಂದ, ತುಟಿ ಅಲುಗಿಸುತ್ತ, ಬೆರಳಿಟ್ಟು ಓದಿದರು. ನಾವು ಕಾದೆವು, ನೊರೆ ಇಳಿಯಬೇಕಲ್ಲ.

"ಅಳೆಯೋನಿಗೆ ಆಸೆ ಇಲ್ಲ ಅಂತ ಇಟ್ಕೊಂಡೇ ನಮ್ಮ ಲೆಕ್ಕವೆಲ್ಲ ಶುರುವಾಗೋದು," ಎಂದರು ಕೊನೆಗೆ, ಮೆಲ್ಲಗೆ. "ಇಟ್ಕೊಂಡ್ಬಿಡ್ತೀವಿ, ಅಷ್ಟೆ. ಇವ್ಳು ಹೋಗಿ ನೋಡಿದಾಳೆ."

"ಕತ್ತರಿ ಎಲ್ಲಿ ಹಾಕೋಣ ಮೇಷ್ಟ್ರೇ?" ಎಂದಳು ಕೊರ್ನೇಲಿಯಾ. ದನಿಯಲ್ಲಿ ಕುಟುಕಿರಲಿಲ್ಲ.

ಅವರು ಜೇಬಿನಿಂದ ರಬ್ಬರ್ ತೆಗೆದು, ಪೆನ್ಸಿಲಿನ ಸುತ್ತನ್ನು ಹಾಳೆ ಹರಿಯದ ಹಾಗೆ ನಿಧಾನವಾಗಿ ಉಜ್ಜಿದರು. ಆಮೇಲೆ ಫೋನ್ ಮಾಡಿದರು. ಹುಡುಗಿ ಊರಲ್ಲೇ ಇದ್ದಳು. ಅವಳ ಮಾತಿಗಿಂತ ಮೊದಲು ಕುರಿಗಂಟೆಗಳೇ ಕೇಳಿದವು.

"ಬಹುಮಾನ ನಿಂದಮ್ಮ. ಪೂರ್ತಿ ಅಚ್ಚಾಗತ್ತೆ."

ಅವಳು ಕೇಳಿದಳು, "ಖಾಲಿ ಸಾಲೂನಾ ಮೇಷ್ಟ್ರೇ?"

"ಅದಿಲ್ದೆ ಮಿಕ್ಕ ಸಾಲುಗಳನ್ನ ನಾನ್ ಹ್ಯಾಗಮ್ಮ ನಂಬ್ಲಿ?"